ನೆಲ ನೋಡಿ ಓಟ

ಹೊಸಪೇಟೆಯಲ್ಲಿ ನಸುಕಿಗೇ ಓಡುವವರು ಎಂದರೆ ಹೆಚ್ಚಾಗಿ ನೇಮಕಾತಿಗೆ ತಯಾರಾಗುವ ಹುಡುಗರು. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಾದರೆ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಅವರ ಓಟ ಜನಕ್ಕೆ ಅರ್ಥವಾಗುತ್ತದೆ. ಅದೇ ನಲವತ್ತು ದಾಟಿದ ಒಬ್ಬ ಮೇಷ್ಟ್ರೋ, ಬಟ್ಟೆ ಅಂಗಡಿಯ ಯಜಮಾನರೋ ಓಡತೊಡಗಿದರೆ ಹಾಲಿನವನು ಸೈಕಲ್ ನಿಲ್ಲಿಸಿ, "ಯಾಕ್ರೀ, ಏನಾತು?" ಎಂದು ಕಾಳಜಿಯಿಂದ ಕೇಳುತ್ತಾನೆ. ಏನೂ ಆಗದೆ, ಯಾವ ಪರೀಕ್ಷೆಯೂ ಇಲ್ಲದೆ, ಸುಮ್ಮನೆ ಓಡಬೇಕೆನಿಸಿದವರಿಗಾಗಿ ಈ ಮಾತುಗಳು.

ಓಡಬೇಕೆನಿಸಿದ ಮರುಗಳಿಗೆಯಲ್ಲೇ ಶೂ ಚಿಂತೆ ಶುರುವಾಗುತ್ತದೆ. ಅಂಗಡಿಗೆ ಸಂಜೆ ಹೋಗುವುದು ಒಳ್ಳೆಯದು. ದಿನವಿಡೀ ನಿಂತು ನಡೆದ ಪಾದ ಆ ಹೊತ್ತಿಗೆ ತುಸು ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು, ಎರಡೂ ಕಾಲಿಗೆ ಶೂ ತೊಟ್ಟು ಎದ್ದು ನಿಲ್ಲಬೇಕು. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು. ಹಿಮ್ಮಡಿ ಜಾರಬಾರದು, ಮುಂದೆ ಬೆರಳುಗಳು ಹರಡಿಕೊಂಡು ಕೂರಬೇಕು. ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಿದ್ದರೆ ದೊಡ್ಡದರ ಅಳತೆಯೇ ಅಳತೆ. ಬರಿಗಾಲಲ್ಲಿ ನಡೆದು ಬೆಳೆದ ಭಾರತೀಯರ ಪಾದ ಅಗಲವಾಗಿರುತ್ತದೆ, ಮೈಭಾರ ಅಂಗಾಲಿನ ತುಂಬ ಹೆಚ್ಚು ಸಮನಾಗಿ ಹಂಚಿಹೋಗುತ್ತದೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಬಾಲ್ಯವನ್ನು ಬರಿಗಾಲಲ್ಲಿ ಕಳೆದವರು ಮೂತಿ ಕಿರಿದಾದ ಶೂಗೆ ಮನಸೋಲಬಾರದು.

"ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂಬ ಮಾತನ್ನು ಅಂಗಡಿಯಲ್ಲಿ ಕೇಳುತ್ತೇವೆ. ಹರಳೆಣ್ಣೆ ಕುಡಿಸಿ ಮೆತ್ತಗೆ ಮಾಡುವ ತೊಗಲಿನ ಚಪ್ಪಲಿಗೆ ಅದು ನಿಜ. ಫೋಮು, ಜಾಲರಿ ಬಟ್ಟೆಯ ಶೂ ಮೊದಲ ದಿನ ಕಚ್ಚಿದರೆ ನೂರನೇ ದಿನವೂ ಕಚ್ಚುತ್ತದೆ. ಅಂಗಾಲು ಚಪ್ಪಟೆಯೋ ಬಾಗಿದ್ದೋ ಎಂದು ನೋಡಿ ಅದಕ್ಕೆ ತಕ್ಕ ಶೂ ಕೊಡುವ ಪದ್ಧತಿಯೂ ಇದೆ. ಅಮೆರಿಕದ ಸೇನೆ ತನ್ನ ಹೊಸ ಸೈನಿಕರ ಮೇಲೆ ಇದನ್ನು ಪರೀಕ್ಷಿಸಿತು: ಪಾದದ ಆಕಾರ ನೋಡಿ ಕೊಟ್ಟ ಶೂ ತೊಟ್ಟವರಿಗೂ, ಎಲ್ಲರಿಗೂ ಒಂದೇ ಬಗೆಯದು ಎಂದು ಕೊಟ್ಟ ಶೂ ತೊಟ್ಟವರಿಗೂ ಆದ ಪೆಟ್ಟುಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕಾಲಿಗೆ ಹಿತವೆನಿಸಿದ್ದೇ ಒಳ್ಳೆಯ ಶೂ. ಬೆಲೆ ಹೆಚ್ಚಾದಷ್ಟೂ ಮಂಡಿ ಕ್ಷೇಮ ಎಂಬ ಭ್ರಮೆ ಬೇಡ. ಸಾಧಾರಣ ಶೂ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ವಾರಕ್ಕೆ ಹತ್ತು ಕಿಲೋಮೀಟರ್ ಓಡುವವರಿಗೆ ವರ್ಷ ಆರಾಮವಾಗಿ ಕಳೆಯುತ್ತದೆ.

ಶೂ ಪೆಟ್ಟಿಗೆಯ ಮೇಲೆ ಬರೆದಿರದ ಸಂಗತಿ ಒಂದಿದೆ, ಅದು ನಮ್ಮ ನೆಲ. ಅರ್ಧ ದಿನದ ತಿರುಗಾಟದೊಳಗೆ ಇಲ್ಲಿ ನಾಲ್ಕು ಬಗೆಯ ನೆಲ ಸಿಗುತ್ತದೆ. ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯದು ಹೊಸಪೇಟೆ ಸುತ್ತಿನ ಕಾಲುವೆ ದಂಡೆ. ವಿಜಯನಗರದ ಕಾಲದ ರಾಯ ಕಾಲುವೆ, ಬಸವ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಪಕ್ಕದ ಮಣ್ಣುದಾರಿ ಮಟ್ಟಸ, ಬಾಳೆತೋಟದ ತಂಪು ಬೇರೆ. ಕಂಪ್ಲಿ ಕಡೆಯ ಗದ್ದೆದಾರಿ ನೋಡಲು ಚೆಂದ. ಆದರೆ ಮಳೆಯಲ್ಲಿ ಎರೆಮಣ್ಣು ಅಟ್ಟೆಗೆ ಅಂಟಿ ಕಾಲು ಮಣಭಾರವಾಗುತ್ತದೆ, ಸುಗ್ಗಿ ಮುಗಿದ ಮೇಲೆ ಟ್ರ್ಯಾಕ್ಟರ್ ಗಾಲಿಯ ಅಚ್ಚು ಒಣಗಿ ಕಲ್ಲಾಗಿ ಹರಡು ಹೊರಳಿಸುತ್ತದೆ.

ಸಂಡೂರಿನಲ್ಲಿ ಏರುಗಳು. ಮಳೆಗಾಲದಲ್ಲಿ ಹಸಿರು ಹೊದ್ದ ಆ ಗುಡ್ಡಗಳನ್ನು ನೋಡುತ್ತ ಓಡುವ ಸುಖವೇ ಬೇರೆ. ಅದಿರು ಲಾರಿಗಳ ರಸ್ತೆಯಿಂದ ಮಾತ್ರ ದೂರ ಇರಬೇಕು. ಆ ಕೆಂಧೂಳು ಎದೆಗೂ ಕೆಟ್ಟದ್ದು, ಶೂಗೂ ಕೆಟ್ಟದ್ದು. ಜಾಲರಿಯ ಕಣ್ಣಿನೊಳಗೆ ಇಳಿದು ಕೂತರೆ ಎಷ್ಟು ತಿಕ್ಕಿದರೂ ಅಂಚಿನಲ್ಲಿ ಒಂದು ಕೆಂಪು ಗೆರೆ ಉಳಿದೇ ಉಳಿಯುತ್ತದೆ. ತಣ್ಣೀರಲ್ಲಿ ಕೈಯಿಂದಲೇ ತೊಳೆದು ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ.

ಇನ್ನು ಹಂಪಿ. ವಿರೂಪಾಕ್ಷ ಬಜಾರಿನ ಮೂಡಣ ತುದಿಯಿಂದ ನದಿಯ ಮಗ್ಗುಲಲ್ಲೇ ವಿಠ್ಠಲ ದೇವಾಲಯದತ್ತ ಹೋಗುವ ದಾರಿಯಷ್ಟು ಸೊಗಸಾದ ಓಟದ ದಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಲ್ಲಿ ಕಾಲಡಿ ಗಳಿಗೆಗೊಂದು ನೆಲ: ಈಗ ಮಣ್ಣು, ಈಗ ಹಾಸುಗಲ್ಲು, ಈಗ ಬೋಳುಬಂಡೆ. ನೂರಾರು ವರ್ಷ ಕಾಲು ಸವೆಸಿದ ಬಂಡೆ ಇಬ್ಬನಿಗೂ ಜಾರುತ್ತದೆ. ಇಲ್ಲಿಗೆ ಫೋಮಿನ ದಪ್ಪಕ್ಕಿಂತ ರಬ್ಬರಿನ ಹಿಡಿತ ಮುಖ್ಯ. ಮೆಟ್ಟಿಲು ಬಂದಲ್ಲಿ ನಡೆಯುವುದೇ ಸರಿ.

ಹೊತ್ತನ್ನೂ ನೆಲವೇ ಗೊತ್ತುಮಾಡುತ್ತದೆ. ಬೇಸಿಗೆಯಲ್ಲಿ ಇಲ್ಲಿನ ಬಂಡೆಗಳು ಹಗಲಿನ ಕಾವನ್ನು ರಾತ್ರಿಯವರೆಗೂ ಹಿಡಿದಿಟ್ಟುಕೊಳ್ಳುತ್ತವೆ, ಸಂಜೆಯ ಓಟ ಬೇಯಿಸುತ್ತದೆ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿ ಬರೆದಿಟ್ಟಿದ್ದಾನೆ. ರಾಯ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿಕೊಂಡು, ಮಣ್ಣಿನ ಭಾರದ ಗುಂಡುಗಳನ್ನು ಎತ್ತುತ್ತಿದ್ದ. ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ಬೀಸಿ, ಕುಸ್ತಿ ಹಿಡಿದು, ಆಮೇಲೆ ಕುದುರೆ ಏರಿ ಬಯಲಲ್ಲಿ ಓಡಿಸುತ್ತಿದ್ದ. ಇಷ್ಟೂ ಬೆಳಕು ಹರಿಯುವ ಮುಂಚೆ ಮುಗಿಯುತ್ತಿತ್ತು. ಎಣ್ಣೆ ಕುಡಿಯುವುದು ಬೇಡ, ಆ ಹೊತ್ತನ್ನು ಮಾತ್ರ ನಾವೂ ಪಾಲಿಸಬಹುದು.

ಶೂ ಇಲ್ಲದೆಯೂ ಓಡಿದವರಿದ್ದಾರಲ್ಲ ಎನ್ನಬಹುದು. ಇದ್ದಾರೆ. ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ಹಳ್ಳಿ ಹುಡುಗರನ್ನು ಕಂಡೇ ದೊರಾಬ್ಜಿ ಟಾಟಾ ಅವರಿಗೆ ಒಲಿಂಪಿಕ್ಸ್‌ಗೆ ಭಾರತದ ತಂಡ ಕಳಿಸುವ ಆಸೆ ಚಿಗುರಿತು. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳಗಾವಿ ಕಡೆಯ ಫಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾದರು. ಆ ಸಲದ ಮ್ಯಾರಥಾನ್ 42.75 ಕಿಲೋಮೀಟರ್ ಇತ್ತು. ಚೌಗುಲೆ ಅವರದು ನಮ್ಮ ನಾಡಿನ ಪ್ರತಿ ಮಗುವಿಗೂ ಗೊತ್ತಿರಬೇಕಾದ ಹೆಸರು. 1960ರಲ್ಲಿ ರೋಮಿನ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದ ಇಥಿಯೋಪಿಯಾದ ಅಬೆಬೆ ಬಿಕಿಲ, ನಾಲ್ಕು ವರ್ಷದ ಮೇಲೆ ಟೋಕಿಯೋದಲ್ಲಿ ಶೂ ತೊಟ್ಟೇ ಗೆದ್ದ. ಬರಿಗಾಲೋ ಶೂವೋ, ಇವರ ಪಾದಗಳಿಗೆ ವರ್ಷಗಟ್ಟಲೆಯ ರೂಢಿಯಿತ್ತು.

ಆ ರೂಢಿ ನಿಧಾನಕ್ಕೆ ಬರುವಂಥದ್ದು. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ, ಎಲುಬು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು "ಇನ್ನೂ ಓಡು" ಎನ್ನುವಾಗಲೇ ಮೊಣಕಾಲ ಕೆಳಗಿನ ಎಲುಬು ನೋಯತೊಡಗುವುದು ಇದೇ ಕಾರಣಕ್ಕೆ. ಆದ್ದರಿಂದ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ ಸಾಕು. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ಮೆಲ್ಲಗೆ ಓಡಬೇಕು. ಬಿಪಿ, ಶುಗರ್ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು.

ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ, ನೀರಜ್ ಚೋಪ್ರಾ ಅಭ್ಯಾಸ ಮಾಡಿದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಿದೆ. ಪದಕ ಗೆಲ್ಲುವವರು ನಮ್ಮ ಮಗ್ಗುಲಲ್ಲೇ ತಯಾರಾಗುವುದು ಹೆಮ್ಮೆಯ ಮಾತು. ಅಷ್ಟೇ ಹೆಮ್ಮೆ ನನಗೆ ಕಾಲುವೆ ದಂಡೆಯಲ್ಲಿ ಜೊತೆಯಾಗಿ ಓಡುವ ನಾಲ್ಕು ಗೃಹಿಣಿಯರನ್ನು ಕಂಡಾಗಲೂ ಆಗುತ್ತದೆ. ಒಬ್ಬಳಿಗೆ ಅಂಜಿಕೆ ಎನಿಸುವ ದಾರಿ ನಾಲ್ವರಿಗೆ ಸಲೀಸು, ಐದನೆಯವಳಿಗೆ ಕರೆ. ಕಾರ್ತೀಕದಿಂದ ಮಾಘದವರೆಗೆ ನಮ್ಮ ಸೀಮೆಯ ಬೆಳಗು ತಂಪು. ಶುರುಮಾಡುವವರು ದೀಪಾವಳಿ ಮುಗಿದ ವಾರವೇ, ಜೊತೆಗೊಬ್ಬರನ್ನು ಕರೆದುಕೊಂಡು ಶುರುಮಾಡಲಿ.