ಪೆಲೆ ಲಾ ಇಳಿದ ದಿನ

ನವಿ ಮುಂಬಯಿಯ ಬೇಲಾಪುರದಲ್ಲಿ ಸೈಕಲ್ ತುಳಿಯುವವರಿಗೆ ಏರು ಎಂದರೆ ಪಾರ್ಸಿಕ್ ಗುಡ್ಡ. ನಸುಕಿನಲ್ಲಿ ಪಾಮ್ ಬೀಚ್ ರಸ್ತೆ ಹಿಡಿದು ವಾಶಿವರೆಗೆ ಹೋಗಿ, ತಿರುಗಿ ಬಂದು, ಕೊನೆಗೆ ಗುಡ್ಡ ಹತ್ತುವುದು ನಮ್ಮ ರೂಢಿ. ಮಳೆ ನಿಂತ ಮೇಲೆ ಮಾಳಶೇಜ್ ಘಾಟಿಗೂ ಹೋಗುತ್ತಿದ್ದೆವು. ಭೂತಾನಕ್ಕೆ ಹೋಗುವ ಮಾತು ಬಂದಾಗ ನನಗೆ ಐವತ್ತು ದಾಟಿತ್ತು. ಜೊತೆಗೆ ಹೊರಟವನು ಡೊಂಬಿವಲಿಯ ಗೆಳೆಯ. ಅವನು ಹುಬ್ಬಳ್ಳಿ ಕಡೆಯವನು, ನಾನು ಕುಂದಾಪುರದವನು.

ಏಪ್ರಿಲ್‌ನಲ್ಲಿ ಹೊರಟೆವು. ಟಯರಿನ ಗಾಳಿ ತೆಗೆದು, ಹ್ಯಾಂಡಲ್ ಬಿಚ್ಚಿ, ಸೈಕಲ್‌ಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ವಿಮಾನದಲ್ಲಿ ಬಾಗ್ಡೋಗ್ರಾಕ್ಕೆ ಒಯ್ದೆವು. ಅಲ್ಲಿಂದ ಗಾಡಿಯಲ್ಲಿ ಜೈಗಾಂವ್. ಆಚೆ ಫುಂಟ್‌ಶೋಲಿಂಗ್. ಗಡಿ ದಾಟಿದರೆ ಗಡಿಯಾರ ಅರ್ಧ ಗಂಟೆ ಮುಂದೆ. ಭಾರತೀಯರು ತಲೆಗೆ, ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕ ಕಟ್ಟಬೇಕು. 2022ರ ಸೆಪ್ಟೆಂಬರಿನಲ್ಲಿ ಗಡಿ ಮತ್ತೆ ತೆರೆದಾಗಿನಿಂದ ಈ ದರ. ಒಬ್ಬ ಗೈಡ್, ಸಾಮಾನು ಹೊರಲು ಒಂದು ವ್ಯಾನು ಗೊತ್ತುಮಾಡಿಕೊಂಡೆವು.

ಫುಂಟ್‌ಶೋಲಿಂಗ್ ಇರುವುದು ಸುಮಾರು 300 ಮೀಟರ್ ಎತ್ತರದಲ್ಲಿ. ಮೊದಲ ತಂಗುದಾಣ ಗೇದು, 2,000 ಮೀಟರ್‌ಗಿಂತ ಮೇಲೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿಯೇ 1,646 ಮೀಟರ್. ಇಲ್ಲಿ ಜನ ಅದಕ್ಕಿಂತ ಮೇಲೆ ಅಂಗಡಿ ಇಟ್ಟುಕೊಂಡಿದ್ದಾರೆ. ಥಿಂಪುವಿಗೆ ಹೋಗುವ ಈ ರಸ್ತೆಯನ್ನು ಕಡಿದವರು ನಮ್ಮ ಬಾರ್ಡರ್ ರೋಡ್ಸ್‌ನ ದಂತಕ್ ಯೋಜನೆಯವರು. ಅವರು 1961ರಿಂದ ಅಲ್ಲಿದ್ದಾರೆ. ದಾರಿಯಲ್ಲಿ ಅವರ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ಸಿಕ್ಕಿತು. ಹುಳಿ ಸ್ವಲ್ಪ ಕಮ್ಮಿ. ಆದರೂ ಎರಡೆರಡು ತಿಂದೆವು.

ಥಿಂಪು ದಾಟಿ ದೋಚುಲಾ ಘಾಟಿ ಹತ್ತಿದೆವು. ಅಲ್ಲಿ 108 ಚೋರ್ಟೆನ್‌ಗಳಿವೆ, ಎಂದರೆ ಸ್ತೂಪಗಳು. 2003ರ ಡಿಸೆಂಬರಿನಲ್ಲಿ, ಭಾರತದಿಂದ ಬಂದು ಭೂತಾನದ ಕಾಡಿನಲ್ಲಿ ನೆಲೆಯೂರಿದ್ದ ಉಗ್ರರನ್ನು ಹೊರಹಾಕುವಾಗ ಸತ್ತ ಸೈನಿಕರ ನೆನಪಿಗೆ ಕಟ್ಟಿದವು. ಮೋಡ ಕವಿದಿತ್ತು, ಹಿಮಾಲಯ ಕಾಣಲಿಲ್ಲ. ಆಚೆ ಪುನಾಖಾದವರೆಗೆ ಇಳಿದರೆ ಸೆಕೆ. ವಾಂಗ್ಡಿಯಲ್ಲಿ ಮಲಗಿದೆವು. ಅಲ್ಲಿಯವರೆಗೆ ಸುಸ್ತು ಬಿಟ್ಟರೆ ಹೇಳಿಕೊಳ್ಳುವಂಥ ಕಷ್ಟ ಏನೂ ಇರಲಿಲ್ಲ.

ಮುಂದಿನ ಘಾಟಿ ಪೆಲೆ ಲಾ, 3,420 ಮೀಟರ್. ವಾಂಗ್ಡಿಯಿಂದ ಅಲ್ಲಿಗೆ ಎರಡು ಸಾವಿರ ಮೀಟರ್‌ಗೂ ಹೆಚ್ಚು ಏರು. ಹಾಗಾಗಿ ದಾರಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಮಧ್ಯಾಹ್ನಕ್ಕೆ ಮೇಲೆ ತಲುಪಿದೆವು. ಗೈಡ್ 'ಲ್ಹಾ ಗ್ಯಾಲೋ' ಎಂದು ಕೂಗಿದ. ದೇವರಿಗೆ ಜಯವಾಗಲಿ ಎಂದಂತೆ. ತಲೆನೋವಿತ್ತು. ಬಿಸಿನೀರು ಕುಡಿದು, ಜಾಕೆಟ್ ಹಾಕಿಕೊಂಡು ಇಳಿಯಲು ಶುರುಮಾಡಿದೆವು. ಟ್ರೋಂಗ್ಸಾ ಮುಟ್ಟಿದರೆ ಆ ದಿನದ ಕೆಲಸ ಮುಗಿಯುತ್ತಿತ್ತು. ವ್ಯಾನು ನಮ್ಮ ಹಿಂದೆ ಬರುತ್ತಿತ್ತು.

ಸ್ವಲ್ಪ ಇಳಿಯುವಷ್ಟರಲ್ಲಿ ಮಳೆ ಬಂತು. ಮಳೆಯೊಳಗೆ ಹಿಮದ ಚೂರುಗಳಿದ್ದವು. ಕರಾವಳಿಯಲ್ಲಿ ಹುಟ್ಟಿ ಬೆಳೆದವನಿಗೆ ಮಳೆ ಹೊಸದಲ್ಲ, ಮಳೆಯಲ್ಲಿ ಚಳಿ ಹೊಸದು. ಏರುವಾಗ ಮೈ ಬೆವರುತ್ತದೆ. ಇಳಿಯುವಾಗ ಕಾಲಿಗೆ ಕೆಲಸವಿಲ್ಲ, ಗಾಳಿ ಮಾತ್ರ ಇದೆ. ಗ್ಲೌಸ್ ಒದ್ದೆಯಾಯಿತು. ಬ್ರೇಕ್ ಒತ್ತಿದ್ದೇನೋ ಇಲ್ಲವೋ ಬೆರಳಿಗೆ ತಿಳಿಯದಾಯಿತು. ಮೈ ನಡುಗಿದಂತೆ ಹ್ಯಾಂಡಲೂ ನಡುಗಿತು. ಹಿಂದೆ ಎಲ್ಲೋ ಸದ್ದಾಯಿತು. ನಿಲ್ಲಲಿಲ್ಲ. ರಸ್ತೆ ಅಗಲ ಮಾಡಿದ್ದ ಒಂದು ತಿರುವಿನಲ್ಲಿ ಕೆಸರಿತ್ತು. ಮುಂದಿನ ಚಕ್ರ ಜಾರಿತು.

ಎಡ ಭುಜದ ಮೇಲೆ ಬಿದ್ದೆ. ಒಳಗೆ ಏನೋ ಲಟಕ್ ಎಂದಿತು. ಎದ್ದು ಕೂತೆ. ಎಡಗೈ ಎತ್ತಲು ಆಗಲಿಲ್ಲ. ಗೆಳೆಯ ಸೈಕಲ್ ಎಸೆದು ಓಡಿಬಂದ. ನನ್ನ ಕೊರಳ ಹತ್ತಿರ ಕೈಯಾಡಿಸಿ ನೋಡಿದ. 'ಕಾಲರ್ ಬೋನ್ ಹೋಗೇತಿ' ಎಂದ. ಚೀಲದಲ್ಲಿದ್ದ ಹೊಸ ಟ್ಯೂಬು ತೆಗೆದು ನನ್ನ ಕೊರಳಿಗೆ ಹಾಕಿ, ಅದರಲ್ಲಿ ಕೈ ತೂಗಿಸಿದ. ಮೊಬೈಲ್‌ನಲ್ಲಿ ಸಿಗ್ನಲ್ ಇರಲಿಲ್ಲ. ವ್ಯಾನು ಬರಲಿಲ್ಲ. ನಮ್ಮ ಹಿಂದೆಯೇ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ಅದು ಗೊತ್ತಾದದ್ದು ಆಮೇಲೆ.

ಬೇಲಾಪುರದಲ್ಲಿ ಕೊಂಕಣ ರೈಲ್ವೆಯ ಮುಖ್ಯ ಕಚೇರಿ ಇದೆ. ಮಳೆಗಾಲದಲ್ಲಿ ಊರಿಗೆ ಹೊರಟ ನಮ್ಮವರು ಮೊದಲು ಕೇಳುವುದೇ ಎಲ್ಲಾದರೂ ಗುಡ್ಡ ಕುಸಿದಿದೆಯೇ ಎಂದು. ಕುಸಿದರೆ ಗಾಡಿ ತಡ, ಅಷ್ಟೇ. ಇಲ್ಲಿ ಕುಸಿದ ಗುಡ್ಡದ ಆಚೆ ನಮ್ಮ ಒಣ ಬಟ್ಟೆ, ಕಂಬಳಿ, ಔಷಧಿ ಉಳಿದವು.

ನಡೆದೆವು. ಸೈಕಲ್‌ಗಳನ್ನು ಅಲ್ಲೇ ಬಿಟ್ಟೆವು. ಒಂದೊಂದು ಹೆಜ್ಜೆಗೂ ಎಲುಬು ಉಜ್ಜುತ್ತಿತ್ತು. ಎರಡು ತಿರುವು ದಾಟಿದ ಮೇಲೆ ರಸ್ತೆ ಕೆಲಸದವರ ತಗಡಿನ ಶೆಡ್ಡು ಕಂಡಿತು. ಹೊರಗೆ ಡಾಂಬರಿನ ಡ್ರಮ್ಮುಗಳು, ಒಳಗೆ ಹೊಗೆ. ಜಾರ್ಖಂಡದವರು. ಗಂಡ, ಹೆಂಡತಿ, ಒಂದು ಕೂಸು, ಇನ್ನಿಬ್ಬರು ಹುಡುಗರು. ಏನೂ ಕೇಳದೆ ಜಾಗ ಬಿಟ್ಟರು. ಹುಡುಗನೊಬ್ಬ ತನ್ನ ಸ್ವೆಟರ್ ಬಿಚ್ಚಿ ಕೊಟ್ಟ. ನಾನು ಬಲಗೈಯನ್ನು ಬೆಂಕಿಗೆ ಒಡ್ಡಲು ಹೋದೆ. ಆ ಹೆಂಗಸು ಕೈ ಹಿಡಿದು ಹಿಂದೆ ಎಳೆದಳು. ಮರಗಟ್ಟಿದ ಕೈ ಸುಟ್ಟರೂ ಗೊತ್ತಾಗುವುದಿಲ್ಲ, ಕಂಕುಳಲ್ಲಿ ಇಟ್ಟುಕೋ ಎಂದು ಹಿಂದಿಯಲ್ಲಿ ಗದರಿದಳು. ಬೆಲ್ಲದ ಕರಿ ಚಹಾ ಕೊಟ್ಟಳು. ಲೋಟ ಹಿಡಿಯಲು ಆಗಲಿಲ್ಲ. ಅವಳೇ ಕುಡಿಸಿದಳು.

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ನನಗೆ ಹಾಯೆನಿಸಿತು, ನಿದ್ದೆ ಬಂತು. ಗೆಳೆಯನ ಮುಖ ಬಿಳಿಚಿತು. ಮೈ ಬಿಸಿಯಾಗುವ ಮೊದಲೇ ನಡುಕ ನಿಂತರೆ ಅದು ಕೆಟ್ಟ ಲಕ್ಷಣ ಎಂದು ಅವನಿಗೆ ಗೊತ್ತಿತ್ತು. ನನ್ನ ಕೆನ್ನೆ ತಟ್ಟಿ, ಬೇಲಾಪುರದಿಂದ ಕುರ್ಲಾವರೆಗೆ ಸ್ಟೇಷನ್ ಹೇಳು ಎಂದ. ಸೀವುಡ್ಸ್, ನೆರೂಳ್, ಜುಯಿನಗರ ಎಂದೆ. ಮುಂದೆ? ವಾಶಿ ಎಂದೆ. ಸಾನ್ಪಾಡಾ ಬಿಟ್ಟಿ, ಮತ್ತ ಹೇಳು ಎಂದ. ಮತ್ತೆ ಮೊದಲಿನಿಂದ. ಸಿಟ್ಟು ಬಂತು. ಮಾನ್ಖುರ್ದ್, ಗೋವಂಡಿ, ಚೆಂಬೂರು, ತಿಲಕನಗರ. ಎಷ್ಟು ಸಲ ಹೇಳಿಸಿದನೋ. ಇನ್ನು ಮನೆಗೆ ಹೋಗುವುದಿಲ್ಲವೇನೋ ಎಂಬ ಭಯ ಬಂದದ್ದು ಬಿದ್ದಾಗಲ್ಲ, ಆಗ. ಕೊನೆಗೆ ಮತ್ತೆ ಮೈ ನಡುಗತೊಡಗಿತು. ಅವನು ಸುಮ್ಮನಾದ.

ಕತ್ತಲಾಗುವಾಗ ಯಂತ್ರ ಬಂದು ಮಣ್ಣು ಸರಿಸಿತು. ವ್ಯಾನು ಬಂತು. ಹೊರಡುವಾಗ ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಗೆಳೆಯ ವ್ಯಾನಿನಲ್ಲಿದ್ದ ತಾಡಪತ್ರಿ ಕೊಟ್ಟ. ಅದನ್ನು ತೆಗೆದುಕೊಂಡರು. ಸೂರು ಸೋರುತ್ತಿತ್ತು.

ಟ್ರೋಂಗ್ಸಾದ ಕೋಟೆಮಠ ಕಣಿವೆಯ ಆಚೆ ಮೊದಲೇ ಕಾಣುತ್ತದೆ, ರಸ್ತೆ ಮಾತ್ರ ಸುತ್ತಿ ಸುತ್ತಿ ಹೋಗುತ್ತದೆ. ಅಲ್ಲಿಯ ದೀಪಗಳನ್ನು ನೋಡಿದ ಮೇಲೂ ವ್ಯಾನಿನ ಕುಲುಕಾಟ ಬಹಳ ಹೊತ್ತು ಇತ್ತು. ಆ ರಾತ್ರಿ ಅತಿ ಹೆಚ್ಚು ನೋವು ತಿಂದದ್ದು ಅಲ್ಲಿ.

ಸರಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಎಲುಬು ಮುರಿದಿತ್ತು, ಆಪರೇಷನ್ ಬೇಡವೆಂದರು. ಬೆನ್ನಿಗೆ ಅಡ್ಡಡ್ಡ ಪಟ್ಟಿ ಕಟ್ಟಿದರು. ದುಡ್ಡು ಕೇಳಲಿಲ್ಲ. ಮೂಲಭೂತ ವೈದ್ಯಸೇವೆ ಉಚಿತವಾಗಿ ಸಿಗಬೇಕೆಂದು ಭೂತಾನದ 2008ರ ಸಂವಿಧಾನದಲ್ಲೇ ಇದೆಯಂತೆ, ಗೈಡ್ ಹೇಳಿದ. ಮನೆಗೆ ಫೋನ್ ಮಾಡಿದೆ. ಹೆಂಡತಿ ಒಂದೇ ಕೇಳಿದಳು, 'ಬೆರಳು ಅಲ್ಲಾಡ್ತವಾ?' ಅಲ್ಲಾಡ್ತವೆ ಎಂದೆ.

ಮರಳುವಾಗ ಅದೇ ದಾರಿಯಲ್ಲಿ ವ್ಯಾನಿನಲ್ಲಿ ಬಂದೆವು. ಶೆಡ್ಡಿನ ಹತ್ತಿರ ನಿಲ್ಲಿಸಿದೆವು. ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಸ್ವೆಟರನ್ನು ಬಾಗಿಲಿನ ಚಿಲಕಕ್ಕೆ ಕಟ್ಟಿ ಬಂದೆ. ಭೂತಾನವನ್ನು ಸುಖದ ದೇಶವೆಂದು ಪ್ರವಾಸದ ಕಂಪನಿಗಳು ಮಾರುತ್ತವೆ. ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆ ರಸ್ತೆಯನ್ನು ದುರಸ್ತಿಯಲ್ಲಿಡುವವರ ತಗಡಿನ ಶೆಡ್ಡು ಅವರ ಚಿತ್ರಗಳಲ್ಲಿ ಬರುವುದಿಲ್ಲ.

ಎಲುಬು ಕೂಡಿದೆ. ಸ್ವಲ್ಪ ಉಬ್ಬು ಉಳಿದಿದೆ, ಚೀಲದ ಪಟ್ಟಿ ಅಲ್ಲಿ ಒತ್ತುತ್ತದೆ. ನಮ್ಮ ಕಡೆಯಿಂದ ಆ ಬೆಟ್ಟಗಳಿಗೆ ಸೈಕಲ್ ಒಯ್ಯುವವರು ಈಗ ಹೆಚ್ಚಾಗಿದ್ದಾರೆ. ಅವರಿಗೆ ಒಂದೇ ಮಾತು. ಇನ್ನೊಂದು ಜೊತೆ ಗ್ಲೌಸು, ಒಂದು ಒಣ ಬನಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೈಮೇಲೇ ಇಟ್ಟುಕೊಳ್ಳಿ. ವ್ಯಾನಿನಲ್ಲಿ ಬೇಡ.