ಆಟಿಯ ಮಳೆಯಲ್ಲಿ ಬಾವುಟ

ಕರಾವಳಿಯವರ ಆಗಸ್ಟ್ 15ಕ್ಕೆ ಒದ್ದೆ ಬಟ್ಟೆಯ ವಾಸನೆಯಿದೆ. ತುಳುನಾಡಿನ ಲೆಕ್ಕದಲ್ಲಿ ಅದು ಆಟಿ ತಿಂಗಳ ಕೊನೆ. ಇನ್ನೆರಡು ದಿನ ಕಳೆದರೆ ಸೋಣ. ಉಡುಪಿ, ಕಾಪು, ಕಾರ್ಕಳದ ಶಾಲೆಗಳಲ್ಲಿ ಓದಿದವರನ್ನು ಕೇಳಿದರೆ ಹೆಚ್ಚುಕಡಿಮೆ ಒಂದೇ ಕಥೆ ಹೇಳುತ್ತಾರೆ. ಹಿಂದಿನ ದಿನ ಒಗೆದ ಬಿಳಿ ಅಂಗಿ ಬೆಳಗಾದರೂ ಒಣಗಿರುವುದಿಲ್ಲ. ಅಮ್ಮ ಅದನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿರುತ್ತಾಳೆ. ಹೊಗೆಯ ವಾಸನೆಯ ಆ ಅಂಗಿ ತೊಟ್ಟು, ಕೊಡೆ ಹಿಡಿದು, ಗದ್ದೆಯ ಬದುವಿನಲ್ಲಿ ಜಾರುತ್ತ ಶಾಲೆಗೆ ಹೋದರೆ ಬಾವುಟವೂ ನೆನೆದಿರುತ್ತದೆ. ಮಾಷ್ಟ್ರು ಹಗ್ಗವನ್ನು ಎರಡು ಸಲ ಜಗ್ಗಿದ ಮೇಲೆ ಗಂಟು ಬಿಚ್ಚಿ, ಹೂವಿನ ಎಸಳು ನೀರಿನ ಜೊತೆ ತಲೆಯ ಮೇಲೆ ಬೀಳುತ್ತದೆ. ಆಮೇಲೆ ಮಿಠಾಯಿ.

1947ರ ಆಗಸ್ಟ್ 15 ಶುಕ್ರವಾರವೂ ಆಟಿಯಲ್ಲೇ ಬಂದಿತ್ತು. ಹಳೆಯ ಅಕ್ಕಿ ಮುಗಿದು ಹೊಸ ಭತ್ತ ಇನ್ನೂ ಬಾರದ, ಕೆಸುವಿನ ಎಲೆ, ಹಲಸಿನ ಬೀಜದಲ್ಲಿ ದಿನ ನೂಕುವ ತಿಂಗಳು. ಆಟಿ ಕಳೆಂಜ ಮನೆ ಮನೆಗೆ ಬಂದು ಮಾರಿ ಕಳೆಯುವ ತಿಂಗಳು. ಅಂದು ಉಡುಪಿಯೂ ಕಾರ್ಕಳವೂ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕುಗಳು. ಮಣಿಪಾಲ ಮುರಕಲ್ಲಿನ ಬೋಳು ಗುಡ್ಡ. ಕನ್ನಡನಾಡು ಒಂದಾಗಲು ಇನ್ನೂ ಒಂಬತ್ತು ವರ್ಷ ಬೇಕಿತ್ತು. 1956ರ ನವೆಂಬರ್ 1ರಂದು ಅದು ಆದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 25ರಂದು.

ಈಗ ಜಿಲ್ಲೆಯ ಸ್ವಾತಂತ್ರ್ಯೋತ್ಸವ ನಡೆಯುವುದು ಅಜ್ಜರಕಾಡಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ. ಪೊಲೀಸರ ಪಥಸಂಚಲನ, ಎನ್‌ಸಿಸಿ ಹುಡುಗರ ಬೂಟಿನ ಸದ್ದು, ಶಾಲಾ ಮಕ್ಕಳ ನೃತ್ಯ, ಗ್ಯಾಲರಿಯ ತುಂಬ ಕೊಡೆ. ಆ ಕ್ರೀಡಾಂಗಣಕ್ಕೆ ಗಾಂಧಿಯ ಹೆಸರು ಬರಲು ಕಾರಣವಿದೆ. 1934ರ ಫೆಬ್ರುವರಿ 25ರಂದು ಗಾಂಧೀಜಿ ಉಡುಪಿಗೆ ಬಂದು ಇದೇ ಅಜ್ಜರಕಾಡಿನ ಬಯಲಿನಲ್ಲಿ ಜನರೊಡನೆ ಮಾತಾಡಿದ್ದರು.

ಅವರು ಬಂದದ್ದು ಯಾವುದಕ್ಕೆ ಎಂಬುದನ್ನು ಇಲ್ಲಿ ನಿಂತು ನೆನೆಯಬೇಕು. ಅದು ಉಪ್ಪಿನ ಕಾನೂನು ಮುರಿಯುವ ಯಾತ್ರೆಯಲ್ಲ, ಬ್ರಿಟಿಷರನ್ನು ಹೊರಗಟ್ಟುವ ಕರೆಯೂ ಅಲ್ಲ. 1933ರ ನವೆಂಬರಿನಲ್ಲಿ ವಾರ್ಧಾದಿಂದ ಹೊರಟು ಸುಮಾರು 12,500 ಮೈಲಿ ಸುತ್ತಿದ ಹರಿಜನ ಯಾತ್ರೆ. ಅಸ್ಪೃಶ್ಯತೆ ಹೋಗಬೇಕು, ಅದಕ್ಕೆ ಹಣ ಬೇಕು, ಮನಸ್ಸೂ ಬೇಕು ಎಂದು ಊರೂರಿನಲ್ಲಿ ಕೈಯೊಡ್ಡಿದ ಯಾತ್ರೆ. ಹೆಂಗಸರು ಬಳೆ, ಸರ ಬಿಚ್ಚಿ ಕೊಡುತ್ತಿದ್ದರು. ಅವು ಅಲ್ಲೇ ಹರಾಜಾಗುತ್ತಿದ್ದವು. ಕನಕನ ಕಿಂಡಿಯ ಊರಿಗೆ ಬಂದು ಈ ಮಾತನ್ನೇ ಎತ್ತಿದ್ದು ಸಣ್ಣ ಸಂಗತಿಯಲ್ಲ. ಹೊರಗೆ ನಿಂತ ಭಕ್ತನ ಕಡೆಗೆ ದೇವರು ತಿರುಗಿದ ಎಂದು ನಂಬಿರುವ ಊರು ಇದು. ಮನುಷ್ಯರು ತಿರುಗುವುದಕ್ಕೆ ಎಷ್ಟು ಕಾಲ ಬೇಕು ಎಂಬ ಪ್ರಶ್ನೆ ಅಂದು ಅಜ್ಜರಕಾಡಿನಲ್ಲಿತ್ತು. ಪ್ರತಿವರ್ಷ ಬಾವುಟ ಏರುವುದು ಆ ಪ್ರಶ್ನೆ ಕೇಳಿದ ನೆಲದಲ್ಲಿಯೇ.

ಉತ್ತರ ತಡವಾಗಿಯೇ ಬಂತು, ಅದೂ ಕೋರ್ಟಿನ ದಾರಿಯಲ್ಲಿ. ಕಾಪುವಿನಿಂದ ಹೆದ್ದಾರಿ ಹಿಡಿದು ತೆಂಕಕ್ಕೆ ಹೊರಟರೆ ಪಡುಬಿದ್ರಿ, ಹೆಜಮಾಡಿ ದಾಟಿ ಮೂಲ್ಕಿ. ದಲಿತರಿಗೆ ದೇವಸ್ಥಾನದ ಬಾಗಿಲು ತೆರೆಯುವ ಮದ್ರಾಸ್ ಕಾಯ್ದೆ ಸ್ವಾತಂತ್ರ್ಯ ಬಂದ ವರ್ಷವೇ, 1947ರಲ್ಲಿ, ಜಾರಿಗೆ ಬಂದಿತ್ತು. ಇದು ತಮ್ಮ ಸಮುದಾಯದ ದೇವಸ್ಥಾನ, ಆ ಕಾಯ್ದೆ ತಮಗೆ ಅನ್ವಯಿಸುವುದಿಲ್ಲ ಎಂದು ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಆಡಳಿತದವರು ವಾದ ಹೂಡಿದರು. ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1957ರ ನವೆಂಬರ್ 8ರಂದು ತೀರ್ಪು ಬಂತು: ಸಮುದಾಯಕ್ಕೇ ಮೀಸಲಾದ ಕೆಲವು ಸೇವೆಗಳ ಹೊತ್ತನ್ನು ಬಿಟ್ಟರೆ, ಎಲ್ಲ ವರ್ಗದ ಹಿಂದೂಗಳಿಗೂ ಒಳಗೆ ಹೋಗುವ ಹಕ್ಕಿದೆ. ದೇಶದ ಕಾನೂನು ಕಾಲೇಜುಗಳಲ್ಲಿ ಇಂದಿಗೂ ಓದಿಸುವ ತೀರ್ಪು ಅದು. ಅಜ್ಜರಕಾಡಿನ ಸಭೆಗೂ ಈ ತೀರ್ಪಿಗೂ ನಡುವೆ ಇಪ್ಪತ್ತಮೂರು ವರ್ಷ. ಸ್ವಾತಂತ್ರ್ಯ ಹೋರಾಟದ ಚರಿತ್ರೆ ಬರೆಯುವವರು 1947ಕ್ಕೆ ಪುಸ್ತಕ ಮುಚ್ಚುತ್ತಾರೆ. ಈ ಕರಾವಳಿಯ ಮಟ್ಟಿಗಾದರೂ ಹಾಗೆ ಮುಚ್ಚಬಾರದು.

ಇಲ್ಲಿ ಆ ಚರಿತ್ರೆ ತೆರೆಯುವ ಪುಟವೂ ಬೇರೆಯೇ. ಅದು ಜೈಲಿನಲ್ಲಿ ತೆರೆದುಕೊಳ್ಳುವುದಿಲ್ಲ, ಒಂದು ಲೆಕ್ಕದ ಪುಸ್ತಕದಲ್ಲಿ ತೆರೆದುಕೊಳ್ಳುತ್ತದೆ. 1905ರಲ್ಲಿ ಬಂಗಾಳವನ್ನು ಒಡೆದಾಗ ಎದ್ದ ಸ್ವದೇಶಿಯ ಗಾಳಿ ಕೆಲವೇ ತಿಂಗಳಲ್ಲಿ ಉಡುಪಿಗೂ ಬೀಸಿತು. ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಊರಿನ ಹಿರಿಯರನ್ನು ಸೇರಿಸಿ ಬ್ಯಾಂಕು ಕಟ್ಟಲು ಹೊರಟರು. ಜಾತಿಮತದ ಭೇದವಿಲ್ಲದೆ ಎಲ್ಲರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದು, ಎಲ್ಲರೂ ಕೂಡಿ ನಡೆಯುವುದನ್ನು ಕಲಿಯುವುದು, ಇದೇ ನಿಜವಾದ ಸ್ವದೇಶಿ ಎಂಬುದು ಅವರು ಜನರ ಮುಂದಿಟ್ಟ ಮನವಿಯ ಸಾರ. 1906ರ ಮಾರ್ಚ್ 12ರಂದು, 5,000 ರೂಪಾಯಿ ಬಂಡವಾಳದಲ್ಲಿ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಶುರುವಾಯಿತು. ಮೊದಲ ದಿನದ ಕೊನೆಗೆ ಪೆಟ್ಟಿಗೆಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ.

ಆ 2 ಪೈಯನ್ನೂ ಬಿಡದೆ ಬರೆದಿಟ್ಟ ಕೈಯನ್ನು ಕಲ್ಪಿಸಿಕೊಳ್ಳಬೇಕು. ಪರದೇಶದವನ ಸಾಲಕ್ಕೆ ಕಾಯುವುದು ಬೇಡ, ನಮ್ಮ ಕಾಸಿನಿಂದ ನಮ್ಮವನ ಅಂಗಡಿ ನಡೆಯಲಿ ಎಂದು ಒಬ್ಬ ಮುಸಲ್ಮಾನ ವರ್ತಕ ಕೃಷ್ಣಮಠದ ಊರಿನಲ್ಲಿ ನಿಂತು ಹೇಳಿದರೆ, ಊರು ನಂಬಿ ಕಾಸು ತಂದು ಕೊಟ್ಟಿತು. ಹಾಜಿ ಅಬ್ದುಲ್ಲಾರ ಹಳೆಯ ಮನೆ ಈಗ ನಾಣ್ಯಗಳ ವಸ್ತುಸಂಗ್ರಹಾಲಯ. 2020ರ ಏಪ್ರಿಲ್ 1ರಂದು ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು, ಬೋರ್ಡು ಬದಲಾಯಿತು. ಬೋರ್ಡಿನ ಜೊತೆ ಈ ನೆನಪೂ ಇಳಿದುಹೋಗಬಾರದು ಎಂಬ ಕಳವಳ ಊರಿನ ಹಳಬರಲ್ಲಿದ್ದರೆ ಅದು ನ್ಯಾಯವೇ.

ಅದೇ ಉಡುಪಿಯಲ್ಲಿ 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವರು ಕೂಡಿ ಇನ್ನೊಂದು ಸಂಸ್ಥೆ ಕಟ್ಟಿದರು. ಮಗ್ಗಗಳು ನಿಂತು ಕಂಗಾಲಾದ ನೇಕಾರರಿಗೆ ಸಾಲ ಕೊಡುವುದು ಅದರ ಮೊದಲ ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಅವರು ತಂದ ಪಿಗ್ಮಿಯನ್ನು ಕರಾವಳಿಯವರಿಗೆ ವಿವರಿಸಬೇಕಿಲ್ಲ: ದಿನಕ್ಕೆ ಎರಡಾಣೆ, ಏಜೆಂಟನೇ ಅಂಗಡಿ ಬಾಗಿಲಿಗೆ ಬಂದು ಒಯ್ಯುತ್ತಿದ್ದ. ಚರಕದ ಪಕ್ಕದಲ್ಲಿ ಈ ಎರಡಾಣೆಯನ್ನೂ ಇಡಬೇಕು. ನೂಲುವುದು, ನೇಯುವುದು, ನೇಯುವವನಿಗೆ ಸಾಲ ಹುಟ್ಟಿಸುವುದು, ಮೂರೂ ಸೇರಿದರೆ ತಾನೇ ಖಾದಿ?

ಟಿ.ಎಂ.ಎ. ಪೈಗಳು ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದ್ದು 1942ರಲ್ಲಿ. ದೇಶ ‘ಭಾರತ ಬಿಟ್ಟು ತೊಲಗಿ’ ಎಂದು ಕೂಗಿದ ವರ್ಷ. ಬ್ರಿಟಿಷರು ತೊಲಗಿದ ಮೇಲೆ ಹುಡುಗರು ಏನು ಮಾಡಬೇಕು ಎಂಬುದಕ್ಕೆ ಇಲ್ಲೊಬ್ಬ ವೈದ್ಯರು ಸಿದ್ಧತೆ ಮಾಡುತ್ತಿದ್ದರು ಎಂದೇ ತೋರುತ್ತದೆ. ಗಾಂಧೀಜಿ ಹತ್ಯೆಯಾದ ಮರುವರ್ಷ, 1949ರಲ್ಲಿ, ಉಡುಪಿಯಲ್ಲಿ ಮಹಾತ್ಮ ಗಾಂಧಿ ಮೆಮೋರಿಯಲ್ ಕಾಲೇಜು ಹುಟ್ಟಿತು. ಊರಿನವರ ಬಾಯಲ್ಲಿ ಅದು ಎಂಜಿಎಂ. ಆ ಮೂರು ಅಕ್ಷರದೊಳಗೆ ಒಂದು ಶೋಕವಿದೆ ಎಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕು. 1953ರಲ್ಲಿ ಮಣಿಪಾಲದ ಬೋಳು ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಎದ್ದಿತು. ಪತಿಯ ಹೆಸರು ಪೇಟೆಯಲ್ಲಿ, ಪತ್ನಿಯ ಹೆಸರು ಗುಡ್ಡದ ಮೇಲೆ. ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲೇ 1944ರ ಫೆಬ್ರುವರಿ 22ರಂದು ಕಣ್ಣು ಮುಚ್ಚಿದ ಕಸ್ತೂರ್ಬಾ ಹೆಸರನ್ನು ಮಣಿಪಾಲದ ಆಸ್ಪತ್ರೆಯ ಚೀಟಿಯಲ್ಲಿ ದಿನವೂ ಎಷ್ಟೋ ಜನ ಕೈಯಲ್ಲಿ ಹಿಡಿದು ನಡೆಯುತ್ತಾರೆ.

ಕಳೆದುಕೊಂಡವರ ಕಥೆ ಬೇರೆಯೇ ಇದೆ. ಮನೆತನದ ಹೆಸರಿಗೆ ಮೂಲ್ಕಿ ಪಕ್ಕದ ಊರನ್ನು ಹೊತ್ತ ಕಾರ್ನಾಡ್ ಸದಾಶಿವ ರಾವ್ ಮಂಗಳೂರಿನ ಸಿರಿವಂತ ವಕೀಲರು, 1881ರಲ್ಲಿ ಹುಟ್ಟಿದವರು. ಗಾಂಧೀಜಿಯ ಸತ್ಯಾಗ್ರಹ ಪ್ರತಿಜ್ಞೆಗೆ ಕರ್ನಾಟಕದಿಂದ ಮೊದಲು ಸಹಿ ಹಾಕಿದವರು. ಅವಿಭಜಿತ ಜಿಲ್ಲೆಯ ಚಳವಳಿಗೆ ಅವರ ಮನೆಯೇ ಬೀಡಾಯಿತು, ಅವರ ಆಸ್ತಿಯೇ ಖರ್ಚಾಯಿತು. ಮತ್ತೆ ಮತ್ತೆ ಜೈಲಿಗೆ ಹೋದರು. ಫೈಜ್‌ಪುರದ ಕಾಂಗ್ರೆಸ್ ಅಧಿವೇಶನಕ್ಕೆ ಹೋದವರು ಜ್ವರ ಹಿಡಿದು, 1937ರ ಜನವರಿ 9ರಂದು ಮುಂಬೈಯಲ್ಲಿ ತೀರಿಕೊಂಡಾಗ ಕೈಯಲ್ಲಿ ಏನೂ ಉಳಿದಿರಲಿಲ್ಲ. ಬೆಂಗಳೂರಿನ ಸದಾಶಿವನಗರಕ್ಕೆ ಇಟ್ಟಿರುವುದು ಇವರ ಹೆಸರನ್ನೇ. ಮಂತ್ರಿಗಳೂ ಶ್ರೀಮಂತರೂ ವಾಸಿಸುವ ಬಡಾವಣೆಗೆ ಎಲ್ಲವನ್ನೂ ಕೊಟ್ಟು ಬರಿಗೈಯಾದವನ ಹೆಸರು. ಅಲ್ಲಿರುವವರು ವರ್ಷಕ್ಕೊಮ್ಮೆಯಾದರೂ ಅವರ ಕಥೆಯನ್ನು ಮನೆಯ ಮಕ್ಕಳಿಗೆ ಹೇಳಲಿ.

ಕೋಟದ ಶಿವರಾಮ ಕಾರಂತರು ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ಬಿಟ್ಟಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಖಾದಿ ಹೊತ್ತು ಊರೂರು ಅಲೆದರು. ಅವರೇ 1947ರಲ್ಲಿ ‘ಔದಾರ್ಯದ ಉರುಳಲ್ಲಿ’ ಕಾದಂಬರಿ ಪ್ರಕಟಿಸಿ, ಚಳವಳಿಯೊಳಗಿನ ಸ್ವಾರ್ಥ ಮತ್ತು ಭ್ರಮನಿರಸನವನ್ನು ಬಿಚ್ಚಿಟ್ಟರು. ಸ್ವಾತಂತ್ರ್ಯ ಬಂದ ವರ್ಷವೇ ಇಷ್ಟು ನಿಷ್ಠುರವಾಗಿ ಬರೆಯಲು ಆ ಹೋರಾಟವನ್ನು ಒಳಗಿನಿಂದ ಪ್ರೀತಿಸಿದವನಿಗೆ ಮಾತ್ರ ಸಾಧ್ಯ. ಹೋರಾಟಗಾರರನ್ನು ನೆನೆಯುವುದೆಂದರೆ ಹೂಮಾಲೆ ಹಾಕುವುದಷ್ಟೇ ಅಲ್ಲ, ಅವರ ಅತೃಪ್ತಿಯನ್ನೂ ಕೇಳಿಸಿಕೊಳ್ಳುವುದು.

ಹೆಂಗಸರನ್ನು ಈ ನೆನಪಿನಿಂದ ಬಿಡುವ ಅಭ್ಯಾಸ ಇನ್ನೂ ಹೋಗಿಲ್ಲ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸಬೇಕು ಎಂದು ಗಾಂಧೀಜಿಯ ಜೊತೆಯೇ ವಾದಿಸಿ ಗೆದ್ದವರು. ಸ್ವಾತಂತ್ರ್ಯದ ಮೇಲೆ ದೇಶದ ನೇಕಾರರು, ಕುಶಲಕರ್ಮಿಗಳ ಬೆನ್ನಿಗೆ ನಿಂತವರು. ಕುಂದಾಪುರದ ಹೆಸರು ಹೊತ್ತ ಉಮಾಬಾಯಿ ಹುಬ್ಬಳ್ಳಿಯಲ್ಲಿ ಭಗಿನಿ ಮಂಡಳ ಕಟ್ಟಿ, 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಸ್ವಯಂಸೇವಕಿಯರ ಪಡೆಯನ್ನೇ ಒಯ್ದರು. ಈ ಇಬ್ಬರ ಹೆಸರು ಪುಸ್ತಕಕ್ಕೆ ಬಂತು. ಬಳೆ ಬಿಚ್ಚಿ ಕೊಟ್ಟವರದು, ತಲೆಮರೆಸಿಕೊಂಡವರಿಗೆ ಗಂಜಿ ಬಡಿಸಿದವರದು ಬರಲಿಲ್ಲ.

ಊರುಗಳು ಕೆಲವು ಸಲ ಮನುಷ್ಯರಿಗಿಂತ ಚೆನ್ನಾಗಿ ನೆನಪಿಡುತ್ತವೆ. ಕಾರ್ಕಳದಲ್ಲಿ ಗಾಂಧಿ ಮೈದಾನವಿದೆ, ಸ್ವರಾಜ್ ಮೈದಾನವೂ ಇದೆ. ಪಕ್ಕದ ಮೂಡುಬಿದಿರೆಯಲ್ಲೂ ಒಂದು ಸ್ವರಾಜ್ ಮೈದಾನ. ಆದಿತ್ಯವಾರ ಬ್ಯಾಟು ಹಿಡಿದು ಹೊರಟ ಹುಡುಗನನ್ನು ಅಜ್ಜಿ ‘ಎಲ್ಲಿಗೆ ಮಗಾ?’ ಎಂದು ಕೇಳಿದರೆ ‘ಸ್ವರಾಜ್ ಮೈದಾನಕ್ಕೆ’ ಎನ್ನುತ್ತಾನೆ. ಒಂದು ಕಾಲದಲ್ಲಿ ಹಾಗೆ ಕೂಗಿದರೆ ಲಾಠಿ ಬೀಳುತ್ತಿದ್ದ ಶಬ್ದವನ್ನು ಅವನು ಯಾವ ಅಳುಕೂ ಇಲ್ಲದೆ ಆಡುತ್ತಾನೆ. ಇದಕ್ಕಿಂತ ದೊಡ್ಡ ಸ್ಮಾರಕ ಕಟ್ಟುವುದು ಕಷ್ಟ.

1942ರಲ್ಲಿ ಹದಿನಾರು ವರ್ಷವಾಗಿದ್ದವರಿಗೆ ಈಗ ನೂರರ ಆಸುಪಾಸು. ಕಣ್ಣಾರೆ ಕಂಡವರು ಹೇಳುವ ಕಾಲ ಮುಗಿಯುತ್ತ ಬಂತು. ಇನ್ನು ಕೇಳಿದವರು ಹೇಳಬೇಕು. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ, 1972ರಲ್ಲಿ, ಸರಕಾರ ಕೊಟ್ಟ ತಾಮ್ರಪತ್ರಗಳು ಕೆಲವು ಮನೆಗಳ ಗೋಡೆಯಲ್ಲಿವೆ, ಕೆಲವು ಅಟ್ಟದ ಪೆಟ್ಟಿಗೆಯಲ್ಲಿ ಹಸಿರು ಹಿಡಿದಿವೆ. ತಾಮ್ರಪತ್ರ ಸಿಗದವರ ಮನೆಗಳೇ ಹೆಚ್ಚು. ಉಡುಪಿಯಲ್ಲಾಗಲಿ, ಕಾಪು, ಕಾರ್ಕಳ, ಮಣಿಪಾಲದಲ್ಲಾಗಲಿ ನಿಮ್ಮ ಮನೆಯ ಹಿರಿಯರು ಜೈಲಿಗೆ ಹೋದ, ನೂಲು ತೆಗೆದ, ಬಳೆ ಕೊಟ್ಟ, ಬಾಗಿಲು ತೆರೆದ ಕಥೆಯೊಂದು ಇದ್ದರೆ, ಈ ಆಟಿ ಮುಗಿಯುವುದರೊಳಗೆ ಅದನ್ನು ಹೆಸರು, ಊರು, ವರ್ಷದ ಸಮೇತ ಒಂದು ಹಾಳೆಯಲ್ಲಿ ಬರೆಯಿರಿ. ಒಂದು ಪ್ರತಿಯನ್ನು ಊರಿನ ಶಾಲೆಗೆ ಕೊಡಿ, ಇನ್ನೊಂದನ್ನು ಗ್ರಂಥಾಲಯಕ್ಕೆ.