ಗೋಡೆಗುಂಟ ಇಳಿಯುವ ತೆಳು ಪದರ

ಮಕ್ಕಳೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಬೇಸಿಗೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ನಾನು ಏಳನೆಯ ತರಗತಿಯಲ್ಲಿದ್ದಾಗ ಇಂಡಿಯ ನಮ್ಮ ಮನೆಯಲ್ಲಿ ಆಯಿ ಬಿಸಿಲಿನ ಝಳಕ್ಕೆ ನಿತ್ರಾಣಗೊಂಡು ಮಲಗಿದ್ದಳು. ಕೂಲರ್‌ಗೆ ನೀರು ತುಂಬುವ ಕೆಲಸ ನನ್ನದು.

“ತಮ್ಮಾ, ಬಿಸಿ ಗಾಳಿನ ಬರಾಕತ್ತೈತಲ್ಲೋ” ಎಂದಳು ಆಯಿ. ನಾನು ಇನ್ನೂ ಎರಡು ಕೊಡ ನೀರು ಸುರಿದೆ. ಏನೂ ಪ್ರಯೋಜನವಾಗಲಿಲ್ಲ. ಸಂಜೆ ಕಾಕಾ ಬಂದು, ಮೊದಲು ಪ್ಲಗ್ ತೆಗೆದು, ಹುಲ್ಲಿನ ಪರದೆ ತೋರಿಸಿದರು. ಅರ್ಧ ಭಾಗ ಒಣಗಿತ್ತು! ಬೋರ್‌ವೆಲ್‌ನ ಗಡಸು ನೀರಿನ ಬಿಳಿ ಉಪ್ಪು ಕೂತು ಮೇಲಿನ ಕೊಳವೆಯ ತೂತುಗಳು ಮುಚ್ಚಿಹೋಗಿದ್ದವು. “ನೀರು ಎಷ್ಟೈತಿ ಅನ್ನೂದಲ್ಲ, ಎಲ್ಲಾ ಕಡೆ ಹರಿದೈತೇನು ನೋಡು” ಎಂದರು. ಸೂಜಿಯಿಂದ ತೂತು ಬಿಡಿಸಿದೆವು. ಆ ರಾತ್ರಿ ಆಯಿ ಚೆನ್ನಾಗಿ ನಿದ್ದೆ ಮಾಡಿದಳು. ಹುಲ್ಲಿನ ಮೇಲಿನ ತೆಳು ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರುತ್ತದೆ. ಒಣ ಜಾಗದಲ್ಲಿ ಬಿಸಿ ಗಾಳಿ ಹಾಗೆಯೇ ನುಗ್ಗುತ್ತದೆ.

ಮುಂದೆ ಕೆಮಿಕಲ್ ಎಂಜಿನಿಯರಿಂಗ್ ಓದುವಾಗ ಇದೇ ಪಾಠ ಮತ್ತೆ ಎದುರಾಯಿತು. ಬಟ್ಟೆ ಒಗೆಯುವ ಪುಡಿಯ ಮುಖ್ಯ ವಸ್ತುವನ್ನು ‘ಫಾಲಿಂಗ್ ಫಿಲ್ಮ್ ರಿಯಾಕ್ಟರ್’ ಎಂಬ ಯಂತ್ರದಲ್ಲಿ ತಯಾರಿಸುತ್ತಾರೆ. ಅದರಲ್ಲಿ ನೆಟ್ಟಗೆ ನಿಂತ ಉದ್ದ ಕೊಳವೆಗಳಿರುತ್ತವೆ. ಪೆಟ್ರೋಲಿಯಂನಿಂದ ತಯಾರಾದ ಎಣ್ಣೆಯಂಥ ದ್ರವ ಕೊಳವೆಯ ಒಳಗೋಡೆಗುಂಟ ತೆಳು ಪದರವಾಗಿ ಇಳಿಯುತ್ತದೆ. ನಡುವೆ ಒಣ ಗಾಳಿಯೊಂದಿಗೆ ಸಲ್ಫರ್ ಟ್ರೈಆಕ್ಸೈಡ್ ಅನಿಲ ಹರಿಯುತ್ತದೆ. ಎರಡೂ ಸೇರಿದ ಕೂಡಲೇ ವಿಪರೀತ ಶಾಖ ಹುಟ್ಟುತ್ತದೆ. ಕೊಳವೆಯ ಹೊರಗೆ ಹರಿಯುವ ತಣ್ಣೀರು ಅದನ್ನು ಒಯ್ಯುತ್ತದೆ. ಪದರ ಎಲ್ಲಿಯಾದರೂ ತೀರ ತೆಳುವಾದರೆ ಅಲ್ಲಿ ದ್ರವ ಸುಟ್ಟು ಕಪ್ಪಾಗುತ್ತದೆ.

ನಡೆಯುತ್ತಿರುವ ಕೊಳವೆಯೊಳಗೆ ಕಾಕಾನಂತೆ ಇಣುಕಿ ನೋಡಲಾಗದು. ಲೆಕ್ಕದಿಂದಲೇ ನೋಡಬೇಕು. ಇದಕ್ಕೆ ‘ಗಣಿತ ಮಾದರಿ’ ಎನ್ನುತ್ತಾರೆ. ಕೊಳವೆಯನ್ನು ಮೇಲಿನಿಂದ ಕೆಳಗೆ ಸಣ್ಣ ಸಣ್ಣ ತುಂಡುಗಳೆಂದು ಭಾವಿಸಿ, ಒಂದೊಂದರಲ್ಲೂ ದ್ರವ, ಅನಿಲ, ಶಾಖ ಎಷ್ಟೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಒಂದು ತುಂಡಿನ ಉತ್ತರದಿಂದ ಮುಂದಿನ ತುಂಡಿನ ಲೆಕ್ಕ ಶುರುವಾಗುತ್ತದೆ.

ಇಳಿಯುವ ಪದರದ ಲೆಕ್ಕವನ್ನು 1916ರಲ್ಲಿ ಜರ್ಮನಿಯ ವಿಲ್ಹೆಲ್ಮ್ ನುಸೆಲ್ಟ್ ತೋರಿಸಿಕೊಟ್ಟರು. ಪದರ ನುಣುಪಾಗಿ ಇಳಿಯುವಾಗ ದ್ರವವನ್ನು 8 ಪಟ್ಟು ಹೆಚ್ಚಿಸಿದರೆ ದಪ್ಪ 2 ಪಟ್ಟು ಮಾತ್ರ ಆಗುತ್ತದೆ. ವೇಗ 4 ಪಟ್ಟಾಗುತ್ತದೆ. 2 × 4 = 8, ಸರಿಯಾಯಿತಲ್ಲವೇ? ಆದರೆ ವೇಗವಾಗಿ ಹರಿಯುವ ಅನಿಲ ಪದರವನ್ನು ಎಳೆದು ಇನ್ನೂ ತೆಳುವಾಗಿಸುತ್ತದೆ, ಅಲೆ ಎಬ್ಬಿಸುತ್ತದೆ. ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ನೀವೂ ಮಾಡಿ ನೋಡಿ: ಸ್ಟೀಲ್ ತಟ್ಟೆಯನ್ನು ಓರೆಯಾಗಿ ಹಿಡಿದು, ಮೇಲಂಚಿನಿಂದ ನಿಧಾನವಾಗಿ ನೀರು ಬಿಡಿ. ಆಮೇಲೆ ತಟ್ಟೆಯ ಅರ್ಧಕ್ಕೆ ಎಣ್ಣೆ ಸವರಿ ಮತ್ತೆ ನೀರು ಬಿಡಿ. ಒಣ ಜಾಗ ಎಲ್ಲೆಲ್ಲಿ ಉಳಿಯಿತು? ಚಿತ್ರ ಬರೆದು ನಿಮ್ಮ ಗುರುಗಳಿಗೆ ತೋರಿಸಿ.